ಸಿಡಿ ಕೊಟ್ಟರೂ ಕದಲದ ಶೆಲ್

ಅಕ್ಕನ ಮಗ ಇವತ್ತು ಸಿ ಭಾಷೆಯಲ್ಲಿ ತನ್ನದೇ ಪುಟ್ಟ ಶೆಲ್ (ನಾವು ಟೈಪ್ ಮಾಡಿದ ಕಮಾಂಡ್ ಓಡಿಸೋ ಪ್ರೋಗ್ರಾಂ) ಬರೆಯುತ್ತಾ ಕೂತಿದ್ದ. ಕಲಬುರಗಿ ಬಿಸಿಲು, ಫ್ಯಾನ್ ಹಾಕಿದರೂ ಬಿಸಿ ಗಾಳಿನೇ. ಫೈಲ್ ಪಟ್ಟಿ ಕೊಡೋ ಕಮಾಂಡ್ ಎಲ್‌ಎಸ್ ಓಡಿತು, ಡೇಟ್ ಓಡಿತು.

"ಮಾಮಾ, ಸಿಡಿ ಒಂದೇ ಕೆಲಸ ಮಾಡವಲ್ದು ನೋಡ್ರಿ" ಅಂದ.

ಸಿಡಿ (cd) ಅಂದ್ರೆ ಒಂದು ಡೈರೆಕ್ಟರಿಯಿಂದ, ಅಂದ್ರೆ ಫೋಲ್ಡರಿನಿಂದ, ಇನ್ನೊಂದಕ್ಕೆ ಹೋಗೋ ಕಮಾಂಡ್. ಎರರ್ರೂ ಇಲ್ಲ. ಸಿಡಿ ಕೊಟ್ಟು ಈಗ ಎಲ್ಲಿದ್ದೀವಿ ಅಂತ ಪಿಡಬ್ಲ್ಯುಡಿ (pwd) ಕಮಾಂಡಿಂದ ಕೇಳಿದರೆ ಇದ್ದಲ್ಲೇ ಇದೆ. ಕೋಡ್ ನೋಡಿದೆ. ಎಲ್ಲ ಕಮಾಂಡಿಗೂ ಮೊದಲು ಫೋರ್ಕ್, ಅಂದ್ರೆ ಓಡ್ತಿರೋ ಪ್ರೋಗ್ರಾಮಿನ ಇನ್ನೊಂದು ಪ್ರತಿ (ಚೈಲ್ಡ್ ಪ್ರೊಸೆಸ್) ಹುಟ್ಟಿಸೋದು; ಸಿಡಿಗೂ ಅದೇ. ಡೈರೆಕ್ಟರಿ ಬದಲಾಗ್ತಿದೆ, ಆದರೆ ಚೈಲ್ಡ್ ಪ್ರೊಸೆಸ್‌ನಲ್ಲಿ. ಅದು ಅಲ್ಲೇ ಮುಗಿದು ಹೋಗುತ್ತೆ. ಮಗನನ್ನ ಸೂಪರ್ ಮಾರ್ಕೆಟ್‌ಗೆ ಕಳಿಸಿದರೆ ನಾವು ಹೋದ ಹಾಗಾಯ್ತಾ? ಸಿಡಿ ಮಾತ್ರ ಫೋರ್ಕ್ ಇಲ್ಲದೆ ಶೆಲ್ಲೇ ಖುದ್ದಾಗಿ ಮಾಡಬೇಕು.

ಮಜಾ ಏನಂದ್ರೆ, ಯುನಿಕ್ಸ್ ಆಪರೇಟಿಂಗ್ ಸಿಸ್ಟಂ ಕಟ್ಟಿದವರಿಗೂ ಇದೇ ಆಗಿತ್ತು. ಫೋರ್ಕ್ ಸೇರಿಸಿದ ಮೇಲೆ ಡೈರೆಕ್ಟರಿ ಬದಲಿಸೋ ಕಮಾಂಡ್ ಕೆಲಸ ನಿಲ್ಲಿಸಿತು, ಕೋಡ್ ಓದಿ ಓದಿ ತಲೆ ಕೆಡಿಸಿಕೊಂಡೆವು ಅಂತ ಅವರಲ್ಲೊಬ್ಬರಾದ ಡೆನಿಸ್ ರಿಚಿ 1979ರ ಒಂದು ಪ್ರಬಂಧದಲ್ಲಿ ಬರೆದಿದ್ದಾರೆ. ಅಂಥವರೇ!

ಇದನ್ನ ಕೇಳಿ ಹುಡುಗ ಫುಲ್ ಖುಷ್. ಈಗ ಒಂದು ಕಮಾಂಡಿನ ಔಟ್‌ಪುಟ್ ಇನ್ನೊಂದಕ್ಕೆ ಕೊಡೋ ಪೈಪ್ ಹಾಕ್ತೀನಿ ಅಂತ ಕೂತಿದ್ದಾನೆ. ಪೈಪಿನ ಬೇಡದ ತುದಿ ಕ್ಲೋಸ್ ಮಾಡೋದು ಮರೀತಾನೆ, ಪ್ರೋಗ್ರಾಂ ಕಾಯ್ತಾ ನಿಲ್ಲುತ್ತೆ, ಮತ್ತೆ ಮಾಮಾ ಅಂತಾನೆ. ಗ್ಯಾರಂಟಿ.