ನಾಲೆ ಏರಿಗೊಂದು ಸೈಕಲ್: ಹನ್ನೊಂದು ತಿಂಗಳ ಟಿಪ್ಪಣಿ

2020 ಸೆಪ್ಟೆಂಬರ್ 20

ಮೂರು ಭಾನುವಾರ ಅಂಗಡಿ ಸುತ್ತಿದ್ದಾಯಿತು. ಇವತ್ತು ಅದನ್ನು ಬಿಟ್ಟು ದಾರಿ ಅಳೆದೆ. ಮೈಸೂರು ಮೇಟಗಳ್ಳಿಯ ನಮ್ಮ ಮನೆಯಿಂದ ಪಾಂಡವಪುರದಾಚೆಯ ಅವ್ವನ ಮನೆ ಜಗಲಿಗೆ 34 ಕಿ.ಮೀ. ಅದರಲ್ಲಿ 21 ಡಾಂಬರು, 9 ವಿಶ್ವೇಶ್ವರಯ್ಯ ನಾಲೆಯ ಏರಿ, ಉಳಿದ 4 ಗದ್ದೆಬಯಲಿನ ಗಾಡಿ ಜಾಡು. ಬೆಂಗಳೂರು ಹೆದ್ದಾರಿಯನ್ನು ಅಗಲ ಮಾಡುವ ಕೆಲಸ ನಡೆದಿದೆ. ಟಿಪ್ಪರುಗಳ ಪಕ್ಕ ಆ ಧೂಳಿನಲ್ಲಿ ಸೈಕಲ್ ತುಳಿಯಲು ಮನಸ್ಸು ಬರುವುದಿಲ್ಲ, ಅದಕ್ಕೇ ಊರೊಳಗಿನ ದಾರಿ ಹಿಡಿದು ನಾಲೆಗೆ ಸೇರಿಕೊಳ್ಳುತ್ತೇನೆ.

ಈಗಿರುವುದು 2012ರ ಮೌಂಟನ್ ಬೈಕ್. ತೂಕ 16.8 ಕೆ.ಜಿ. ಮುಂದಿನ ಚಕ್ರವನ್ನು ಹಿಡಿಯುವ ಸ್ಪ್ರಿಂಗ್ ಫೋರ್ಕ್ ತುಕ್ಕು ಹಿಡಿದು ಕೂತುಬಿಟ್ಟಿದೆ. ಏರಿಯ ಮೇಲೆ ಅದು ಸುಖವಾಗಿಯೇ ಹೋಗುತ್ತದೆ, ಡಾಂಬರಿನ ಮೇಲೆ ಎದುರುಗಾಳಿ ಬಂದರೆ ಮಾತ್ರ ಎಳೆದುಕೊಂಡು ಹೋದ ಹಾಗೆ. ತಮ್ಮನ ರೋಡ್ ಬೈಕಿನದು ಇದರ ತದ್ವಿರುದ್ಧ. ಡಾಂಬರಿನ ಮೇಲೆ ಬಾಣ, ಗರಸು ಮಣ್ಣಿಗೆ ಇಳಿದರೆ 25 ಮಿ.ಮೀ. ಟೈರು ನಿಲ್ಲುವುದೇ ಇಲ್ಲ.

ಇವೆರಡರ ನಡುವಿನದು, ನಾನು ಹುಡುಕುತ್ತಿರುವುದು, ಗ್ರ್ಯಾವೆಲ್ ಬೈಕ್. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್, 38ರಿಂದ 50 ಮಿ.ಮೀ. ಅಗಲದ ಟೈರಿಗೆ ಜಾಗ, ಡಿಸ್ಕ್ ಬ್ರೇಕ್, ಏರು ಹತ್ತಲು ಹಗುರ ಗೇರು, ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಕೂರಿಸಲು ತೂತುಗಳು. ಈ ಕೊನೆಯದು ನನಗೆ ಮುಖ್ಯ. ಅವ್ವನ ಮನೆಯಿಂದ ಬರಿಗೈಯಲ್ಲಿ ಯಾರೂ ವಾಪಸ್ ಬರುವುದಿಲ್ಲ.

2020 ಅಕ್ಟೋಬರ್ 25

ಮೈಸೂರಿನಲ್ಲಿ ಐದು ಅಂಗಡಿ, ಬೆಂಗಳೂರಿನಲ್ಲಿ ಒಂಬತ್ತು. ಎಲ್ಲ ಕಡೆ ಒಂದೇ ಉತ್ತರ: ಸ್ಟಾಕ್ ಇಲ್ಲ. ಕೊರೊನಾದಿಂದ ಜಿಮ್ಮಿಗೆ ಹೋಗಲು, ಬಸ್ಸು ಹತ್ತಲು ಭಯ, ಮನೆಯಲ್ಲಿ ಕೂತು ಕೂತು ಮೈ ಭಾರ, ಹೀಗಾಗಿ ಊರಿಗೆ ಊರೇ ಸೈಕಲ್ ಕೊಳ್ಳಲು ಹೊರಟಿದೆ. ತಯಾರಕರ ಸಂಘದ ಲೆಕ್ಕದಂತೆ ಮೇಯಿಂದ ಸೆಪ್ಟೆಂಬರಿನವರೆಗೆ ಐದೇ ತಿಂಗಳಲ್ಲಿ ದೇಶದಲ್ಲಿ ಸುಮಾರು 41.8 ಲಕ್ಷ ಸೈಕಲ್ ಮಾರಾಟವಾಗಿವೆ. ಲೂಧಿಯಾನದ ಕಾರ್ಖಾನೆಗಳು ಸಾಧಾರಣ ಸೈಕಲ್ಲನ್ನು ಹೇಗೋ ಒದಗಿಸಬಹುದು. ಗ್ರ್ಯಾವೆಲ್ ಬೈಕಿನ ಕಥೆ ಬೇರೆ. ಅದರ ಗೇರು, ಬ್ರೇಕು, ಲಿವರು ಬಹುಪಾಲು ಜಪಾನ್, ತೈವಾನ್, ಚೀನಾ, ಮಲೇಷ್ಯಾ, ಸಿಂಗಪುರದ ಕೆಲವೇ ಕಾರ್ಖಾನೆಗಳಿಂದ ಬರಬೇಕು. ಅಮೆರಿಕ, ಯುರೋಪಿನವರೂ ಅದೇ ಸಾಲಿನಲ್ಲಿ ನಿಂತಿದ್ದಾರೆ. ಫ್ರೇಮು, ಚಕ್ರ, ಹ್ಯಾಂಡಲ್ ಎಲ್ಲ ತಯಾರಿದ್ದೂ ಒಂದು ಬ್ರೇಕ್ ಲಿವರ್ ಬಾರದಿದ್ದರೆ ಆ ಸೈಕಲ್ ಕಾರ್ಖಾನೆ ಬಾಗಿಲು ದಾಟುವುದಿಲ್ಲ.

2020 ನವೆಂಬರ್ 15

ಬೆಂಗಳೂರಿನ ಒಂದು ಅಂಗಡಿಯಿಂದ ಫೋನು. ಒಂದೇ ಒಂದು ಬಂದಿದೆ, ಮೀಡಿಯಂ ಸೈಜ್, ಸಂಜೆಯೊಳಗೆ ಹೇಳಬೇಕು ಎಂದರು. ಬೆಳಗಿನ ರೈಲಿಗೇ ಹೋದೆ.

ಸೈಕಲ್ ಚೆನ್ನಾಗಿತ್ತು. ಹೊಳಪಿಲ್ಲದ ಹಸಿರು ಬಣ್ಣ. ನನ್ನ ಎತ್ತರ 158 ಸೆಂ.ಮೀ. ಗೋಡೆಗೆ ಬೆನ್ನು ಕೊಟ್ಟು, ಕಾಲ ಸಂದಿಗೆ ದಪ್ಪ ಪುಸ್ತಕ ಇಟ್ಟು ಅಳೆದರೆ ನೆಲದಿಂದ 72. ಆ ಫ್ರೇಮಿನ ಮೇಲಿನ ಕೊಳವೆ ನೆಲದಿಂದ 77. ಎರಡೂ ಕಡೆ ಕಾಲೂರಿ ನಿಲ್ಲಲು ಆಗಲಿಲ್ಲ, ಸೈಕಲ್ಲನ್ನು ಒಂದು ಪಕ್ಕಕ್ಕೆ ವಾಲಿಸಿಯೇ ಇಳಿಯಬೇಕು. ಕೈ ಚಾಚಿದರೆ ಬ್ರೇಕ್ ಲಿವರ್ ಬೆರಳ ತುದಿಗೆ ಮಾತ್ರ ಸಿಕ್ಕಿತು.

"ಸ್ಟೆಮ್ ಚಿಕ್ಕದು ಹಾಕ್ಕೊಡ್ತೀವಿ ಮೇಡಂ, ಸೀಟ್ ಮುಂದಕ್ಕೆ ತಳ್ಳೋಣ, ಸರಿಹೋಗುತ್ತೆ. ಬಿಟ್ರೆ ಇನ್ನಾರು ತಿಂಗಳು ಸಿಗಲ್ಲ" ಎಂದ ಹುಡುಗ. ಸ್ಟೆಮ್ ಅಂದರೆ ಹ್ಯಾಂಡಲ್ಲನ್ನು ಹಿಡಿದಿಡುವ, ಮುಂದಕ್ಕೆ ಚಾಚಿದ ತುಂಡು. ಅವನು ಸುಳ್ಳು ಹೇಳಿದ್ದಲ್ಲ, ನಿಜಕ್ಕೂ ಸಿಗುತ್ತಿರಲಿಲ್ಲ. ನಾನು ಕಾರ್ಡ್ ಕೈಯಲ್ಲಿ ಹಿಡಿದು ಹತ್ತು ನಿಮಿಷ ನಿಂತೆ. ಆಮೇಲೆ ಬೇಡವೆಂದು ಬಂದೆ. ರೈಲಿನಲ್ಲಿ ಮದ್ದೂರು ದಾಟುವವರೆಗೂ ಆ ಹಸಿರೇ ಕಣ್ಣ ಮುಂದಿತ್ತು.

2020 ನವೆಂಬರ್ 22

ವಾರವಿಡೀ ಯೋಚಿಸಿ ಒಂದು ಹಾಳೆಯಲ್ಲಿ ಗೆರೆ ಎಳೆದು ಎರಡು ಪಾಲು ಮಾಡಿದೆ. ಆಮೇಲೆ ಬದಲಿಸಲು ಬರುವುದು ಒಂದು ಕಡೆ, ಬಾರದಿರುವುದು ಇನ್ನೊಂದು ಕಡೆ.

ಟೈರು, ಸೀಟು, ಪೆಡಲು, ಹಿಂದಿನ ಹಲ್ಲುಚಕ್ರಗಳ ಕ್ಯಾಸೆಟ್, ಸ್ಟೆಮ್, ಇವೆಲ್ಲ ಬದಲಿಸಬಹುದು. ಗೇರುಗಳನ್ನೂ ದುಡ್ಡು ಸುರಿದರೆ ಬದಲಿಸಬಹುದು. ಬದಲಾಗದವು ಮೂರೇ: ಫ್ರೇಮಿನ ಅಳತೆ, ಫೋರ್ಕಿನಲ್ಲಿ ಮತ್ತು ಹಿಂಬದಿಯಲ್ಲಿ ಟೈರಿಗೆ ಇರುವ ಜಾಗ, ಕ್ಯಾರಿಯರ್ ಕೂರಿಸುವ ತೂತು. ಈ ಮೂರರಲ್ಲಿ ರಾಜಿ ಇಲ್ಲ, ಮಿಕ್ಕದ್ದರಲ್ಲಿ ಸಿಕ್ಕಿದ್ದಕ್ಕೆ ಒಪ್ಪಿಗೆ. ಸ್ಟಾಕ್ ಧಾರಾಳವಾಗಿದ್ದ ಕಾಲದಲ್ಲಾದರೆ ಗೇರಿನ ಹೆಸರು, ಬಣ್ಣ ನೋಡಿಕೊಂಡು ಕೊಂಡಿರುತ್ತಿದ್ದೆನೇನೋ.

ಟೈರಿನ ಜಾಗ ಏಕೆ ಅಂದರೆ ನಮ್ಮ ಕಡೆಯ ಎರೆ ಮಣ್ಣು. ಮಳೆ ಬಂದ ಮಾರನೇ ದಿನ ಗಾಡಿ ಜಾಡಿನಲ್ಲಿ ನೂರು ಮಾರು ಹೋದರೆ ಸಾಕು, ಮಣ್ಣು ಟೈರಿಗೆ ಸುತ್ತಿಕೊಂಡು ಫೋರ್ಕಿನ ಸಂದಿಯಲ್ಲಿ ಗಟ್ಟಿಯಾಗಿ ಚಕ್ರವನ್ನೇ ಕಚ್ಚಿ ಹಿಡಿಯುತ್ತದೆ. ಕಡ್ಡಿ ಮುರಿದು ಕೆರೆಯುತ್ತಾ ಕೂರಬೇಕು. ಟೈರಿನ ಎರಡೂ ಬದಿ ಕನಿಷ್ಠ 6 ಮಿ.ಮೀ. ಆದರೂ ಖಾಲಿ ಬೇಕು.

2020 ಡಿಸೆಂಬರ್ 13

ಚಿಕ್ಕ ಫ್ರೇಮಿನಲ್ಲೂ ಒಂದು ತೊಡಕಿದೆ, ಇವತ್ತು ಕಾಲಿಗೇ ತಗುಲಿ ಗೊತ್ತಾಯಿತು. ಗೆಳತಿಯ ಪುಟ್ಟ ಅಳತೆಯ ರೋಡ್ ಬೈಕ್ ತೆಗೆದುಕೊಂಡು ಅವಳ ಮನೆ ಮುಂದೆ ನಿಧಾನಕ್ಕೆ ತಿರುಗಿಸಿದೆ. ಅರ್ಧ ತಿರುವಿನಲ್ಲಿ ಬೂಟಿನ ತುದಿ ಮುಂದಿನ ಟೈರಿಗೆ ಒತ್ತಿ ಹ್ಯಾಂಡಲ್ ಸೆಟೆದುಕೊಂಡಿತು. ಬೀಳಲಿಲ್ಲ.

ವೇಗವಾಗಿ ಹೋಗುವಾಗ ಇದು ತೊಂದರೆಯೇ ಅಲ್ಲ, ಆಗ ಹ್ಯಾಂಡಲ್ ಅಷ್ಟು ತಿರುಗುವುದಿಲ್ಲ. ನಡಿಗೆಯ ವೇಗದಲ್ಲಿ ಪೂರ್ತಿ ಹಿಂದಕ್ಕೆ ತಿರುಗಿಸುವಾಗ ಮಾತ್ರ. ಆದರೆ ನಾಲೆ ಏರಿಯ ಮೇಲೆ ನಾನು ಮಾಡುವುದೇ ಅದು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತೆಂದರೆ ತಿರುಗಿಸಿಕೊಂಡು ಜಾಗವಿರುವ ಕಡೆಗೆ ವಾಪಸ್ ಬರಬೇಕು. ಒಂದು ಪಕ್ಕ ಇಳಿಜಾರು, ಇನ್ನೊಂದು ಪಕ್ಕ ತುಂಬಿ ಹರಿಯುವ ನೀರು. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ಇದೇ ನಾಲೆಗೆ ಬಸ್ಸು ಬಿದ್ದು 30 ಜನ ಸತ್ತರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ನಮ್ಮ ಕಡೆ ಆ ದಿನವನ್ನು ಯಾರೂ ಮರೆತಿಲ್ಲ. ಏರಿಯ ಮೇಲೆ ಕಾಲು ಚಕ್ರಕ್ಕೆ ಸಿಕ್ಕುವ ಸೈಕಲ್ ನನಗೆ ಬೇಡ.

ರಾತ್ರಿ ಲೆಕ್ಕ ಹಾಕಿದೆ. 700 ಎಂಬ ಅಳತೆಯ ಚಕ್ರದ ರಿಮ್ಮಿನ ವ್ಯಾಸ 622 ಮಿ.ಮೀ., ಅದಕ್ಕೆ 38ರ ಟೈರು ಹಾಕಿದರೆ ನಡುವಿನಿಂದ ಹೊರಗಿನವರೆಗೆ 349. ಅದಕ್ಕಿಂತ ಚಿಕ್ಕದಾದ 650ಬಿ ಅಳತೆಯ ಚಕ್ರದ ರಿಮ್ 584, ಅದಕ್ಕೆ 47ರ ದಪ್ಪ ಟೈರು ಹಾಕಿದರೂ 339. ಅಂದರೆ 10 ಮಿ.ಮೀ. ಉಳಿತಾಯ. ಪೆಡಲಿನ ತೋಳು, ಅಂದರೆ ಕ್ರ್ಯಾಂಕ್, 170ರ ಬದಲು 165 ಆದರೆ ಇನ್ನೂ 5. ಈ 15 ಮಿ.ಮೀ. ನನ್ನ ಹೆಬ್ಬೆರಳಿನ ಅಗಲಕ್ಕೆ ಹತ್ತಿರ, ಗೆಳತಿಯ ಸೈಕಲ್ಲಿನಲ್ಲಿ ಒತ್ತಿದ್ದೂ ಅಷ್ಟೇ. ಟೈರು ದಪ್ಪವಾಗಿ ಚಕ್ರ ಚಿಕ್ಕದಾಗುವುದು ನನ್ನಂಥ ಗಿಡ್ಡ ಮೈಕಟ್ಟಿನವರಿಗೆ ವರ. ಅಂಗಡಿಗಳಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ ಎಂಬ ಬೇಸರ ನನಗಿದೆ.

2021 ಜನವರಿ 17

ಅತಿ ಚಿಕ್ಕ ಅಳತೆ, 650ಬಿ ಚಕ್ರ, ಮುಂದೆ ಎರಡು ಹಲ್ಲುಚಕ್ರದ, ಜಪಾನಿನ ಶಿಮಾನೊ ಕಂಪನಿಯ ಜಿಆರ್‌ಎಕ್ಸ್ ಗೇರು. 10,000 ರೂಪಾಯಿ ಮುಂಗಡ ಕೊಟ್ಟೆ. ಮಾರ್ಚ್ ಕೊನೆಗೆ ಬರುತ್ತದಂತೆ.

ಮಾಡೆಲ್ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಈ ಕಾಲದಲ್ಲಿ ಮಾಡೆಲ್ ಹುಡುಕಿದರೆ ಸಿಗುವುದಿಲ್ಲ. ಅಳತೆ ಇಟ್ಟುಕೊಂಡು ಹುಡುಕಿದರೆ ಯಾವುದೋ ಮೂಲೆಯಲ್ಲಿ ಒಂದು ಸಿಗಬಹುದು.

2021 ಮಾರ್ಚ್ 28

ಬರಲಿಲ್ಲ. ಬೆಲೆ 6,000 ಏರಿದೆ, ಒಪ್ಪಿಗೆಯೇ ಎಂದು ಕೇಳಿದರು. ಒಪ್ಪಿದೆ.

ಸೂಯೆಜ್ ಕಾಲುವೆಯಲ್ಲಿ 23ನೇ ತಾರೀಕಿನಿಂದ ಎವರ್ ಗಿವನ್ ಹಡಗು ಅಡ್ಡಲಾಗಿ ಸಿಕ್ಕಿಹಾಕಿಕೊಂಡಿದೆ. ತೈವಾನಿನಿಂದ ಚೆನ್ನೈಗೆ ಬರುವ ಸೈಕಲ್ಲಿಗೂ ಸೂಯೆಜಿಗೂ ಏನು ಸಂಬಂಧ ಎಂದು ತಮ್ಮ ಕೇಳಿದ. ದಾರಿಯ ಸಂಬಂಧವಿಲ್ಲ, ಪೆಟ್ಟಿಗೆಗಳ ಸಂಬಂಧ. ಯುರೋಪಿಗೆ ಹೋದ ಕಂಟೇನರು ಖಾಲಿಯಾಗಿ ಏಷ್ಯಾಕ್ಕೆ ಮರಳಿದರೆ ತಾನೇ ಮುಂದಿನ ಸರಕು ತುಂಬುವುದು. ಮೊದಲೇ ಕಂಟೇನರಿಗೆ ಬರ, ಬಾಡಿಗೆ ಮುಗಿಲಿಗೆ ಏರಿದೆ.

2021 ಮೇ 16

ಏಪ್ರಿಲ್ 27ರಿಂದ ಮತ್ತೆ ಎಲ್ಲ ಬಂದ್. ಈ ಸಲದ ಸುದ್ದಿಗಳು ಹತ್ತಿರದವರ ಸುದ್ದಿಗಳು. ಸೈಕಲ್ ಬಗ್ಗೆ ಬರೆಯಲು ಕೈ ಬರುತ್ತಿಲ್ಲ. ಅವ್ವನನ್ನು ನೋಡಿ ಐದು ವಾರವಾಯಿತು.

2021 ಜೂನ್ 13

ಹಳೆಯ ಸೈಕಲ್ಲನ್ನು ಬಿಚ್ಚಿದೆ. ಹಿಂದಿನ ಚಕ್ರದ ನಡುವಿನ ಗುಂಬದ (ಹಬ್) ಗೋಲಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ತುಂಬಿ, ಗೋಲಿಗಳನ್ನು ಒತ್ತಿ ಹಿಡಿಯುವ ಕೋನ್ ಬಿಗಿ ಮಾಡುವುದು ಫೋನಿನಲ್ಲಿ ಸೈಕಲ್ ರಿಪೇರಿಯ ಭಾಯ್ ಹೇಳಿಕೊಟ್ಟರು. ನಜರ್‌ಬಾದಿನ ಅವರ ಅಂಗಡಿಯೂ ಮುಚ್ಚಿದೆ. "ಅಕ್ಕ, ಬಿಗಿ ಮಾಡಿ ಒಂದು ಚೂರು ಸಡಿಲ ಬಿಡಿ. ಚಕ್ರ ಎತ್ತಿ ಹಿಡಿದ್ರೆ ವಾಲ್ವ್ ಇರೋ ಕಡೆ ತಾನಾಗೇ ಕೆಳಗೆ ಬಂದು ತೂಗಬೇಕು" ಎಂದರು. ನಾಲ್ಕನೇ ಸಲಕ್ಕೆ ತೂಗಿತು. ಗಡಿಯಾರದ ಲೋಲಕದ ಹಾಗೆ ಅತ್ತಿತ್ತ ಆಡಿ ಆಡಿ ನಿಂತಿತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅದನ್ನು ನೋಡಿದ ಖುಷಿ ಹೇಳತೀರದು.

ಮಲೇಷ್ಯಾದಲ್ಲಿ ಲಾಕ್‌ಡೌನ್ ಆಗಿ ಅಲ್ಲಿನ ಶಿಮಾನೊ ಕಾರ್ಖಾನೆಯೂ ನಿಂತಿದೆ. ನನ್ನ ಜಿಆರ್‌ಎಕ್ಸ್ ಆಸೆ ಇಲ್ಲಿಗೆ ಮುಗಿಯಿತೆಂದೇ ಅನಿಸುತ್ತದೆ.

2021 ಜುಲೈ 18

ಅಂಗಡಿಯಿಂದ ಫೋನು. ಅದೇ ಫ್ರೇಮು, ಅದೇ ಅಳತೆ ಬಂದಿದೆ. ಗೇರು ಮಾತ್ರ ತೈವಾನಿನ ಮೈಕ್ರೋಶಿಫ್ಟ್ ಅಡ್ವೆಂಟ್ ಎಕ್ಸ್. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಹತ್ತು. ಬ್ರೇಕು ಎಣ್ಣೆಯದಲ್ಲ, ಕೇಬಲ್ಲಿನದು. ಬೇಡವಾದರೆ ಮುಂಗಡ ವಾಪಸ್.

ಹಾಳೆ ತೆಗೆದೆ. ಬದಲಾಗದ ಮೂರೂ ಸರಿಯಿವೆ. ಇನ್ನು ಗೇರಿನ ಲೆಕ್ಕ. ನಾನು ಕೇಳಿದ್ದರಲ್ಲಿ ಅತಿ ಹಗುರ ಗೇರು ಮುಂದೆ 30 ಹಲ್ಲು, ಹಿಂದೆ 34. ಚಕ್ರ ಒಂದು ಸುತ್ತಿಗೆ 2.13 ಮೀಟರ್, ಅಂದರೆ ಪೆಡಲಿನ ಒಂದು ಸುತ್ತಿಗೆ ಸುಮಾರು 1.88 ಮೀಟರ್. ಬಂದಿರುವುದರಲ್ಲಿ ಮುಂದೆ 40, ಹಿಂದೆ 48: ಸುಮಾರು 1.78 ಮೀಟರ್. ಚಾಮುಂಡಿ ಬೆಟ್ಟಕ್ಕೆ ಇದೇ ಇನ್ನೂ ಹಗುರ. ಭಾರದ ಕಡೆಯಲ್ಲಿ 40ಕ್ಕೆ 11, ಒಂದು ಸುತ್ತಿಗೆ 7.75 ಮೀಟರ್, ಕೇಳಿದ್ದರಲ್ಲಿ 8.9 ಇತ್ತು. ಇಳಿಜಾರಿನಲ್ಲಿ ತುಳಿಯುವ ಬದಲು ಸುಮ್ಮನೆ ಕೂರುತ್ತೇನೆ. ಒಂದು ಗೇರಿನಿಂದ ಇನ್ನೊಂದಕ್ಕೆ ಅಂತರ ಜಾಸ್ತಿ, ಅದು ಡಾಂಬರಿನ ಮೇಲೆ ಗೊತ್ತಾಗುತ್ತದೆ, ಒಪ್ಪುತ್ತೇನೆ. ಕೇಬಲ್ ಬ್ರೇಕಾದರೆ ಭಾಯ್ ಕೈಯಲ್ಲೇ ರಿಪೇರಿಯಾಗುತ್ತದೆ, ಪಾಂಡವಪುರದಲ್ಲೂ ಆಗುತ್ತದೆ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಮುಂದೆ ಇಲ್ಲದಿರುವುದು ಎರೆ ಮಣ್ಣಿಗೆ ಸಿಗುವ ಜಾಗ ಒಂದು ಕಡಿಮೆಯಾದ ಹಾಗೆ.

ಹೌದು ಎಂದೆ. ಬಣ್ಣ ಕೇಳಲಿಲ್ಲ. ಇಟ್ಟಿಗೆ ಕೆಂಪು.

2021 ಆಗಸ್ಟ್ 8

ಬೆಳಿಗ್ಗೆ 5.40ಕ್ಕೆ ಹೊರಟೆ. ಶ್ರೀರಂಗಪಟ್ಟಣ ದಾಟುವಾಗ ಬೆಳಕು. ನಾಲೆ ಏರಿಗೆ ಹತ್ತಿದ ಕೂಡಲೇ ಟೈರಿನ ಸದ್ದು ಬದಲಾಯಿತು, ಡಾಂಬರಿನ ಝೇಂಕಾರ ಹೋಗಿ ಗರಸು ಪುಡಿಯಾಗುವ ಸರಸರ. ಹಳೆಯ ಸೈಕಲ್ಲಿನಲ್ಲಿ ಭುಜಕ್ಕೆ ಬಡಿಯುತ್ತಿದ್ದ ಗುಂಡಿಗಳು ಇಲ್ಲಿ ಅಂಗೈಗೆ ಬಂದು ನಿಂತವು. ಪಕ್ಕದಲ್ಲಿ ನೀರು ನನ್ನ ಜೊತೆಗೇ ಹರಿಯುತ್ತಿತ್ತು. ಎದುರಿಗೆ ಹುಲ್ಲಿನ ಟ್ರ್ಯಾಕ್ಟರ್ ಬಂತು. ತಿರುಗಿಸಿದೆ. ಬೂಟು ಎಲ್ಲೂ ತಾಗಲಿಲ್ಲ. ಬೂಟಿಗೂ ಟೈರಿಗೂ ನಡುವೆ ಕಡ್ಲೆಕಾಯಿ ದಪ್ಪದ ಜಾಗ ಇದ್ದದ್ದನ್ನು ಕಣ್ಣಾರೆ ನೋಡಿದೆ.

ಗಾಡಿ ಜಾಡಿನಲ್ಲಿ ಎರಡು ಕಡೆ ಇಳಿದು ತಳ್ಳಿದೆ, ಶುಕ್ರವಾರದ ಮಳೆಯ ಕೆಸರು. ಚಕ್ರ ಕಚ್ಚಲಿಲ್ಲ.

ಅವ್ವ ಜಗಲಿಯಿಂದ ಎದ್ದು ಬಂದು ಮೊದಲು ನನ್ನ ಮುಖ ಸವರಿದರು, ಆಮೇಲೆ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದರು. ಹಲಸಿನ ಹಣ್ಣನ್ನು ನೋಡುವ ಹಾಗೆ ಟೈರನ್ನು ಹೆಬ್ಬೆರಳಿನಿಂದ ಒತ್ತಿದರು. "ಗಾಳಿ ಕಮ್ಮಿ ಅದೆ ಕಣ್ ಮಗ" ಎಂದರು. ಗಾಳಿಯ ಒತ್ತಡ ಮುಂದೆ 30, ಹಿಂದೆ 34 ಪಿಎಸ್‌ಐ ಬೇಕೆಂದೇ ಬಿಟ್ಟಿರುವುದು, ಕಲ್ಲಿನ ಮೇಲೆ ಟೈರು ಬಗ್ಗಲಿ ಎಂದು ವಿವರಿಸಿದೆ. ತಲೆಯಾಡಿಸಿದರು. "ಕ್ಯಾರಿಯರ್ ಗಟ್ಟಿ ಅದ? ಬೆಲ್ಲ ಎರಡು ಅಚ್ಚು ತಗಂಡೋಗು, ಅಕ್ಕಿನೂ ಐದು ಸೇರು ಕಟ್ಕೊಡ್ತೀನಿ."

ವಾಪಸ್ ಬರುವಾಗ ನಾಲೆ ತಿರುವಿನಲ್ಲಿ ಹಿಂದಿನ ಚಕ್ರಕ್ಕೆ ಜಾಲಿ ಮುಳ್ಳು. ಅಕ್ಕಿ, ಬೆಲ್ಲ ಇಳಿಸಿ, ಹೊಂಗೆ ಮರದ ನೆರಳಿನಲ್ಲಿ ಟ್ಯೂಬ್ ಬದಲಿಸಿದೆ, 22 ನಿಮಿಷ ಹಿಡಿಯಿತು. ಈ ರಿಮ್ಮಿಗೆ ಟ್ಯೂಬಿಲ್ಲದೆಯೂ ಟೈರು ಕೂರುತ್ತದೆ. ಒಳಗೆ ಸೀಲೆಂಟ್ ಹಾಕಿದರೆ ಇಂಥ ಸಣ್ಣ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ. ಸೀಲೆಂಟ್ ಸಿಕ್ಕಿದೆ. ಅದಕ್ಕೆ ಬೇಕಾದ ವಾಲ್ವ್ ಇನ್ನೂ ಸ್ಟಾಕ್ ಇಲ್ಲ, ಭಾಯ್ ಹತ್ತಿರ ಹೆಸರು ಬರೆಸಿ ಬಂದಿದ್ದೇನೆ.