ಆ ಸೇರು

14 ಜುಲೈ 2019, ಭಾನುವಾರ
ಮೈಸೂರು

ಆಷಾಢದ ಗಾಳಿ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಅರ್ಧ ಸುತ್ತು ಹಾಕುವಷ್ಟರಲ್ಲೇ ಅಮ್ಮನಿಗೆ ಮಂಡಿ ನೋವು. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದೊಳಗೆ ಹೋಗಿ ಜಯಲಕ್ಷ್ಮಿ ವಿಲಾಸ ಅರಮನೆಯ ಎದುರು ಕೂತೆವು. ಬಾಗಿಲು ಹಾಕಿತ್ತು.

ಬೆಳಗ್ಗೆ ಅಣ್ಣ ಫೋನ್ ಮಾಡಿದ್ದ. ಊರಿನ ಮನೆಗೆ ಗಿರಾಕಿ ಬಂದಿದ್ದಾರಂತೆ. "ಅಮ್ಮನಿಗೆ ನೀನೇ ಹೇಳು" ಅಂತ ಇಟ್ಟುಬಿಟ್ಟ. ಇಂಥದ್ದಕ್ಕೆಲ್ಲ ನಾನೇ ಬೇಕು.

ಅಮ್ಮ ಕಂಬಗಳನ್ನು ನೋಡುತ್ತಿದ್ದಳು. ಬ್ರಿಟಿಷರ ಕಾಲದ ದೊರೆಮನೆಯ ಠೀವಿಯೇ ಇದಕ್ಕೂ. ಆದರೆ ಇದು ನಾಲ್ವಡಿಯವರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗೆ ಅಂತ 1905ರಲ್ಲಿ ಎದ್ದ ಮನೆ. 1959ರಲ್ಲಿ, ಕುವೆಂಪು ಕುಲಪತಿಗಳಾಗಿದ್ದಾಗ, ವಿಶ್ವವಿದ್ಯಾನಿಲಯದ ಕೈಗೆ ಬಂತು. ಆಮೇಲೆ ಜಾನಪದ ವಸ್ತುಸಂಗ್ರಹಾಲಯ. ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯ ಅಂಥವರು ಊರೂರು ಅಲೆದು ತಂದದ್ದೆಲ್ಲ ರಾಜಕುಮಾರಿಯ ಕೋಣೆಗಳಿಗೆ ಬಂದು ಕೂತಿತು.

"ಹಾಸ್ಟೆಲ್ಲಿನಲ್ಲಿದ್ದಾಗ ಮೊದಲನೇ ಸಲ ಬಂದಿದ್ದೆ ಕಣೇ. ಅರಮನೆ ನೋಡೋದು ಅಂತ ಇದ್ದಿದ್ರಲ್ಲಿ ಒಳ್ಳೇ ಸೀರೆ ಉಟ್ಕೊಂಡು! ಒಳಗೆ ನೋಡಿದ್ರೆ ಮೊರ, ಒನಕೆ, ಸೇರು, ಪಾವು."

"ಬೇಜಾರಾಯ್ತಾ?"

"ಬೇಜಾರೇನು, ನಗು ಬಂತು. ಸೇರಿಗೆ ಚೀಟಿ ಅಂಟಿಸಿದ್ರು. ಅದೇ ವಾರ ಊರಿಗೆ ಹೋದಾಗ ನಮ್ಮಜ್ಜಿ ಅಂಥದ್ರಲ್ಲೇ ರಾಗಿ ಅಳೀತಾ ಕೂತಿದ್ರು. ಅಜ್ಜೀ, ನಿನ್ ಸೇರು ಅರಮನೇಲಿದೆ ಅಂದೆ. ಕದ್ಕೊಂಡು ಹೋದೋರು ಯಾರೇ ಅಂತ ಬೈದ್ರು."

ಇಬ್ಬರೂ ನಕ್ಕೆವು. ಪಕ್ಕದಲ್ಲಿ ಓಡುತ್ತಿದ್ದ ಹುಡುಗ ತಿರುಗಿ ನೋಡಿದ.

ಆ ಸೇರು ಈಗಲೂ ಊರಿನ ಮನೆಯ ಅಟ್ಟದ ಮೇಲಿದೆ. ಹೋದ ಸಲ ಹೆಂಚು ಸರಿಮಾಡಿಸಲು ಹೋದಾಗ ಕೈಗೆ ಸಿಕ್ಕಿತ್ತು, ಒಳಗೆ ಹಲ್ಲಿ ಮೊಟ್ಟೆ. ಈ ಅರಮನೆಯೂ ಪಾಳು ಬಿದ್ದಿದ್ದೇ. ಇನ್ಫೋಸಿಸ್ ಪ್ರತಿಷ್ಠಾನದ ದುಡ್ಡಿನಲ್ಲಿ ಒಮ್ಮೆ ರಿಪೇರಿಯಾಯಿತು. ಇಷ್ಟು ದೊಡ್ಡ ಮನೆಯನ್ನು ಉಳಿಸಿಕೊಳ್ಳಲು ಒಂದು ವಿಶ್ವವಿದ್ಯಾನಿಲಯಕ್ಕೇ ಇಷ್ಟು ಕಷ್ಟವಾದರೆ, ಅಣ್ಣನನ್ನು ಏನಂತ ಬೈಯಲಿ? ಆದರೂ ಸಿಟ್ಟು ಬರುತ್ತದೆ. ಅಲ್ಲಿ ವರ್ಷಕ್ಕೆ ಎರಡು ದಿನವೂ ಇರದ ನನಗೆ ಸಿಟ್ಟು ಯಾಕೋ.

ಕತ್ತಲಾಗುತ್ತಾ ಬಂತು. ಸೊಳ್ಳೆ. ಏಳೋಣ ಅಂತ ಕೈ ಕೊಟ್ಟೆ. ಅಮ್ಮ ಕೈ ಹಿಡಿದುಕೊಂಡಳು, ಏಳಲಿಲ್ಲ.

"ಬೆಳಗ್ಗೆ ಫೋನ್ ಮಾಡಿದ್ದು ಅಣ್ಣ ಅಲ್ವಾ? ಎಷ್ಟಕ್ಕೆ ಕೇಳ್ತಿದಾರಂತೆ?"

ನಾನು