ಬಾದಾಮಿ ಸೀಮೆಯ ಮನೆಯಲ್ಲಿ ರೊಟ್ಟಿ ಊಟಕ್ಕೆ ಕೂರುವ ಮುನ್ನ

ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಹೋದಾಗ ಊರಿನವರು ಯಾರಾದರೂ ‘ನಾಳೆ ಮನಿಗೆ ಊಟಕ್ಕ ಬರ್ರಿ’ ಅಂದರೆ ಖಂಡಿತ ಹೋಗಿ. ಎಷ್ಟು ಮಂದಿ ಬರುತ್ತೀರಿ, ಎಷ್ಟು ಗಂಟೆಗೆ ಬರುತ್ತೀರಿ ಎಂಬುದನ್ನು ಮಾತ್ರ ಹಿಂದಿನ ಸಂಜೆಯೇ ಹೇಳಿಬಿಡಿ. ಅನ್ನ ಸಾರಾದರೆ ಇನ್ನೊಂದು ಪಾವು ಅಕ್ಕಿ ಹಾಕಿದರೆ ಆಯಿತು. ಜೋಳದ ರೊಟ್ಟಿ ಹಾಗಲ್ಲ, ಒಂದೊಂದನ್ನೇ ಬಡಿದು ಒಂದೊಂದನ್ನೇ ಬೇಯಿಸಬೇಕು. ಹಂಚಿನ ಮೇಲೆ ಒಂದಕ್ಕೆ ಸುಮಾರು 2 ನಿಮಿಷ ಹಿಡಿಯುತ್ತದೆ. ಐದು ಜನ ತಲೆಗೆ ಮೂರರಂತೆ ಉಂಡರೆ 15 ರೊಟ್ಟಿ, ಅಂದರೆ ರೊಟ್ಟಿ ಬಡಿಯುವ ತಾಯಿ ಅರ್ಧ ಗಂಟೆ ಒಲೆಯ ಮುಂದಿನಿಂದ ಏಳುವ ಹಾಗಿಲ್ಲ. ಹೇಳದೆ ಇಬ್ಬರನ್ನು ಹೆಚ್ಚಿಗೆ ಕರೆದುಕೊಂಡು ಹೋದರೆ ಅದರ ಭಾರ ಬೀಳುವುದು ಅವರ ರಟ್ಟೆಯ ಮೇಲೆ.

ಒಲೆ ಕಾಣುವಂತೆ ಕೂರಲು ಸಾಧ್ಯವಾದರೆ ಕೇಳಿ ಕುಳಿತುಕೊಳ್ಳಿ. ರೊಟ್ಟಿ ಹೇಗಾಗುತ್ತದೆ ಎಂದು ಗೊತ್ತಿದ್ದವರು ಉಣ್ಣುವ ರೀತಿಯೇ ಬೇರೆ.

ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವ ಗ್ಲೂಟನ್ ಎಂಬ ಅಂಟು ಇಲ್ಲ, ಹಾಗಾಗಿ ತಣ್ಣೀರಿನಲ್ಲಿ ಕಲಸಿದರೆ ಕೂಡಿಕೊಳ್ಳುವುದಿಲ್ಲ. ಅದಕ್ಕೇ ಎಸರಿಡುವುದು. 2 ಬಟ್ಟಲು, ಅಂದರೆ ಸುಮಾರು 250 ಗ್ರಾಂ ಹಿಟ್ಟಿಗೆ ಒಂದೂಕಾಲು ಬಟ್ಟಲು ನೀರನ್ನು ಚಿಟಿಕೆ ಉಪ್ಪು ಹಾಕಿ ಕುದಿಸಿ, ಹಿಟ್ಟಿನ ನಡುವೆ ಕುಳಿ ಮಾಡಿ ಸುರಿದು, ಸೌಟಿನಿಂದ ಕಲಸಿ ಮುಚ್ಚಿಡುತ್ತಾರೆ. ಕುದಿನೀರಿಗೆ ಹಿಟ್ಟಿನ ಪಿಷ್ಟ ಅರೆಬೆಂದು ಅಂಟು ಬಿಡುತ್ತದೆ. ಕೈಗೆ ತಾಳುವಷ್ಟು ಆರಿದ ಮೇಲೆ ತಣ್ಣೀರು ಚಿಮುಕಿಸುತ್ತಾ ಅಂಗೈ ಬುಡದಿಂದ ಐದು ನಿಮಿಷ ಚೆನ್ನಾಗಿ ನಾದಬೇಕು. ಇದರಲ್ಲಿ ಐದಾರು ರೊಟ್ಟಿ ಆಗುತ್ತವೆ. ಬೀಸಿಸಿ ತಿಂಗಳಾದ ಹಿಟ್ಟಿನಲ್ಲಿ ಜಿಗಿ ಇರುವುದಿಲ್ಲ. ಎಷ್ಟು ನಾದಿದರೂ ಅಂಚು ಸೀಳುತ್ತದೆ. ಹತ್ತು ಹದಿನೈದು ದಿನಕ್ಕೆ ಸಾಕಾಗುವಷ್ಟನ್ನೇ ಗಿರಣಿಗೆ ಕಳಿಸುವುದು ಇದೇ ಕಾರಣಕ್ಕೆ. ಜೋಳದಲ್ಲೂ ಹಿಂಗಾರಿಯ ಬಿಳಿಜೋಳ, ಅದರಲ್ಲೂ ಎರೆಹೊಲದ ಕಪ್ಪುಮಣ್ಣಿನಲ್ಲಿ ಬೆಳೆದ ಮಾಲದಂಡಿ ತಳಿ ರೊಟ್ಟಿಗೆ ಮೇಲು.

ಹಲಗೆಯ ಮೇಲೆ ಒಣಹಿಟ್ಟು ಉದುರಿಸಿ, ಉಂಡೆಯನ್ನು ಒಂದು ಕೈಯಿಂದ ಬಡಿಯುತ್ತಾ ಇನ್ನೊಂದು ಕೈಯಿಂದ ತಿರುಗಿಸುತ್ತಾರೆ. ಒಣಹಿಟ್ಟಿನ ಮಗ್ಗುಲು ಮೇಲೆ ಬರುವಂತೆ ಕಾದ ಹಂಚಿಗೆ ಹಾಕಿ, ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಹಚ್ಚಬೇಕು. ಇಡೀ ಕೆಲಸದ ಗುಟ್ಟು ಈ ನೀರಿನಲ್ಲಿದೆ. ಹಚ್ಚಲು ತಡವಾದರೆ ಮೇಲ್ಮೈ ಬಿರಿಯುತ್ತದೆ, ಬಿರಿದ ರೊಟ್ಟಿ ಉಬ್ಬುವುದಿಲ್ಲ. ನೀರು ಆರುವ ಮೊದಲೇ ಮಗುಚಿದರೆ ಹಂಚಿಗೆ ಹತ್ತಿಕೊಳ್ಳುತ್ತದೆ, ಪೂರ್ತಿ ಒಣಗುವವರೆಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಹೊಳಪು ಹೋಗಿ ಸ್ವಲ್ಪ ಪಸೆ ಉಳಿದಿರುವಾಗ ಮಗುಚಬೇಕು. ಕೊನೆಗೆ ಒಲೆಯ ಬಾಯಲ್ಲಿ ಕೆಂಡಕ್ಕೆ ಎದುರಾಗಿ ನಿಲ್ಲಿಸಿದಾಗ ಉಬ್ಬಿ ಎರಡು ಪದರವಾಗುತ್ತದೆ. ಗ್ಯಾಸಿನ ಉರಿಯಲ್ಲೂ ಉಬ್ಬುತ್ತದೆ. ಕೆಂಡದ ಘಮ ಮಾತ್ರ ಅದಕ್ಕೆ ಬರುವುದಿಲ್ಲ.

ಹಾಗೆ ಉಬ್ಬಿದ ರೊಟ್ಟಿ ತಟ್ಟೆಗೆ ಬಂದಾಗ ಫೋಟೋ ತೆಗೆಯುತ್ತಾ ಕೂರಬೇಡಿ. ಐದು ನಿಮಿಷದಲ್ಲಿ ಅದು ಬೇರೆಯದೇ ಪದಾರ್ಥ. ಮೇಲಿನ ತೆಳು ಪದರ ಮುರಿದು ಒಳಗೆ ಬೆಣ್ಣೆ ಅಥವಾ ತುಪ್ಪ ಸವರಿ, ಮೊದಲ ತುತ್ತಿಗೆ ಶೇಂಗಾ ಹಿಂಡಿ ಸಾಕು. ಹಿಂಡಿ ಎಂದರೆ ಚಟ್ನಿಪುಡಿ. ಶೇಂಗಾ, ಅಗಸೆ, ಗುರೆಳ್ಳು (ಹುಚ್ಚೆಳ್ಳು) ಮೂರನ್ನೂ ಮುಂದಿಟ್ಟರೆ ಗುರೆಳ್ಳನ್ನು ಬಿಡಬೇಡಿ. ಪುಡಿಯನ್ನು ಒಣಗಿದ್ದಂತೆಯೇ ತಿಂದರೆ ಗಂಟಲಿಗೆ ಹತ್ತುತ್ತದೆ. ಮೊಸರು ಇಲ್ಲವೇ ಹಸಿ ಶೇಂಗಾ ಎಣ್ಣೆ ಹಾಕಿಕೊಳ್ಳಿ. ಶೇಂಗಾ ಮೈಗೆ ಆಗದವರು ಹಿಂದಿನ ದಿನವೇ ಹೇಳಬೇಕು, ಏಕೆಂದರೆ ಅದು ಹಿಂಡಿಯಲ್ಲಿ ಮಾತ್ರವಲ್ಲ, ಪಲ್ಯದಲ್ಲೂ ಎಣ್ಣೆಯಲ್ಲೂ ಇರುತ್ತದೆ.

ಅತಿಥಿಗೆಂದು ಮಾಡುವುದು ಎಣ್ಣೆಗಾಯಿ, ಅಂದರೆ ತುಂಬಿದ ಬದನೆಯ ಪಲ್ಯ. ಪುಟ್ಟ ಬದನೆ ಕಾಲು ಕೆಜಿ, ತೊಟ್ಟು ಉಳಿಸಿ ಬುಡದಿಂದ ನಾಲ್ಕಾಗಿ ಸೀಳಿ ಉಪ್ಪುನೀರಿಗೆ ಹಾಕಬೇಕು. ಹುರಿದ ಶೇಂಗಾ ಪುಡಿ ಅರ್ಧ ಬಟ್ಟಲು, ಗುರೆಳ್ಳು ಪುಡಿ 2 ಚಮಚ, ಎಳ್ಳು 1 ಚಮಚ, ಒಣಕೊಬ್ಬರಿ 2 ಚಮಚ, ಮಸಾಲೆ ಖಾರ 2 ಚಮಚ, ಹುಣಸೆ ರಸ, ಬೆಲ್ಲ, ಉಪ್ಪು ಕಲಸಿ ತುಂಬಿ, 4 ದೊಡ್ಡ ಚಮಚ ಎಣ್ಣೆಯಲ್ಲಿ ಸಣ್ಣ ಉರಿಗೆ ಹೊರಳಿಸುತ್ತಾರೆ. ಸಿಪ್ಪೆ ಬಾಡುವ ಮೊದಲೇ ನೀರು ಹಾಕಿದರೆ ಹೂರಣವೆಲ್ಲ ಹೊರಬಂದು ಬರೀ ಗೊಜ್ಜಾಗುತ್ತದೆ. ಬಾಡಿದ ಮೇಲೆ ಒಂದು ಬಟ್ಟಲು ಬಿಸಿನೀರು ಸಾಕು. ಆರಿದಾಗ ಶೇಂಗಾ ನೀರು ಹೀರಿ ಇನ್ನೂ ಗಟ್ಟಿಯಾಗುತ್ತದೆ ಎಂಬ ಲೆಕ್ಕವೂ ಇರಬೇಕು.

ಪಕ್ಕದಲ್ಲಿ ಬೇಯಿಸದ ಮೆಂತ್ಯ ಸೊಪ್ಪು, ಹಕ್ಕರಕಿ ಸೊಪ್ಪು, ಉಳ್ಳಾಗಡ್ಡಿ (ಈರುಳ್ಳಿ), ಸವತೆಕಾಯಿ ಇಡುತ್ತಾರೆ. ಅದು ಅಲಂಕಾರವಲ್ಲ, ಖಾರದ ಪಲ್ಯದ ನಡುನಡುವೆ ಕಡಿಯಲಿಕ್ಕೆ. ಖಾರ ಹೆಚ್ಚಾದರೆ ನೀರು ಕುಡಿದು ಪ್ರಯೋಜನವಿಲ್ಲ, ಮೊಸರು ಕೇಳಿ. ಜನವರಿ ಫೆಬ್ರವರಿಯಲ್ಲಿ ಹೋದವರಿಗೆ ಕಡಲೆ ಸೊಪ್ಪು, ಬೆಂಕಿಯಲ್ಲಿ ಸುಟ್ಟು ಉದುರಿಸಿದ ಎಳೆಜೋಳದ ಸೀತನಿಯೂ ಸಿಗಬಹುದು. ನನ್ನ ಮಟ್ಟಿಗೆ ಈ ಸೀಮೆಗೆ ಹೋಗಲು ಅದೇ ಸರಿಯಾದ ಕಾಲ.

ರೊಟ್ಟಿ ಮುಗಿದರೆ ಊಟ ಮುಗಿಯಿತೆಂದಲ್ಲ. ಅನ್ನ ಸಾರು ಕೊನೆಗೆ ಬರುತ್ತದೆ, ಅದಕ್ಕೆ ಜಾಗ ಉಳಿಸಿಕೊಳ್ಳಿ. ಬೇಡವೆನ್ನುವುದಕ್ಕೂ ಹೊತ್ತಿದೆ: ತಟ್ಟೆಯಲ್ಲಿ ಅರ್ಧ ರೊಟ್ಟಿ ಇರುವಾಗಲೇ ‘ಅಕ್ಕಾರ, ಇದ ಸಾಕ್ರಿ’ ಎಂದರೆ ಮುಂದಿನ ಉಂಡೆ ಹಲಗೆಗೆ ಬೀಳುವುದಿಲ್ಲ. ಹಂಚಿನಿಂದ ಇಳಿದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ, ‘ಒಂದ್ ತಗೋರಿ’ ಎಂದು ಹಾಕಿಯೇ ಹಾಕುತ್ತಾರೆ. ಅರ್ಧ ಬೇಕಿದ್ದರೆ ಅರ್ಧ ಕೇಳಿ, ಸಂಕೋಚವಿಲ್ಲ. ಎಂಜಲು ಬಿಡುವುದು ಮಾತ್ರ ಅವರ ಮನಸ್ಸಿಗೆ ನಾಟುತ್ತದೆ.

ಹಣದ ಮಾತು ಹೀಗೆ: ಊಟ ಹಾಕುವುದೇ ಕಸುಬಾಗಿರುವ ಮನೆಯಾದರೆ ದರವನ್ನು ಮೊದಲೇ ಕೇಳಿ. ಪ್ರೀತಿಯಿಂದ ಕರೆದ ಮನೆಯಲ್ಲಿ ಜೇಬಿಗೆ ಕೈ ಹಾಕಬೇಡಿ. ಹಣ್ಣನ್ನೋ ಮಕ್ಕಳಿಗೆ ಪೇಡೆಯನ್ನೋ ಒಳಗೆ ಕಾಲಿಡುವಾಗಲೇ ಕೊಡಿ. ಹೆಣ್ಣುಮಕ್ಕಳಿಗೆ ಹೊರಡುವಾಗ ಉಡಿ ತುಂಬುವ ಮನೆಗಳುಂಟು. ಅಕ್ಕಿ, ತೆಂಗಿನಕಾಯಿ, ಕುಬಸದ ಖಣ ಕೊಟ್ಟಾಗ ಸೆರಗೊಡ್ಡಿ ತೆಗೆದುಕೊಳ್ಳಬೇಕು. ಸೀರೆ ಉಟ್ಟಿರದಿದ್ದರೆ ವೇಲ್ ಆದೀತು. ಬೇಡವೆನ್ನಬಾರದು.

ಕರೆಯುವ ಮನೆ ಸಿಗದವರಿಗೆ ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ದೂರದ ಬನಶಂಕರಿ ಗುಡಿಯ ಬಳಿ ಬುಟ್ಟಿ ಹೊತ್ತು ತರುವ ಹೆಂಗಸರಿದ್ದಾರೆ. ಮನೆಯಲ್ಲಿ ಬಡಿದ ರೊಟ್ಟಿ, ಕಾಳು ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು ಬಡಿಸುತ್ತಾರೆ. ರೊಟ್ಟಿ ಬಿಸಿ ಇರುವುದಿಲ್ಲ, ರುಚಿ ಮನೆಯದೇ.

ದಾರಿಗೆಂದು ಗರಿಗರಿಯಾದ ಖಡಕ್ ರೊಟ್ಟಿ ಕಟ್ಟಿಕೊಟ್ಟರೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ. ಒಳಗಿನ ಪಸೆ ಹೊರಹೋಗದೆ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ. ಒಣಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಇರುತ್ತದೆ. ತಿನ್ನುವಾಗ ಪುಡಿಮಾಡಿ ಮೊಸರು, ಹಿಂಡಿ, ಹೆಚ್ಚಿದ ಉಳ್ಳಾಗಡ್ಡಿ ಕಲಸಿ ಎರಡು ನಿಮಿಷ ನೆನೆಯಲು ಬಿಡಿ.